ಫುಟ್‌ವಾಲ್ವಿಗೆ ಕಸ ಕಟ್ಟಿದರೆ ರಾಕೆಟ್ಟೂ ನಿಲ್ಲುತ್ತದೆ

ಟೆಕ್ಸಾಸ್‌ನ ಕಡಲಂಚಿನಲ್ಲಿ ಬೇಸಿಗೆಯ ಸಂಜೆ ಆರೂವರೆ ಎಂದರೆ ತೀರ್ಥಹಳ್ಳಿ, ಹೊಸನಗರಗಳಲ್ಲಿ ಮರುದಿನ ಬೆಳಗಿನ 5 ಗಂಟೆ. ಸ್ಪೇಸ್‌ಎಕ್ಸ್‌ನ ದೈತ್ಯ ರಾಕೆಟ್ ಸ್ಟಾರ್‌ಶಿಪ್‌ನ ಆರನೆಯ ಪರೀಕ್ಷಾ ಹಾರಾಟದಿಂದ ಹನ್ನೊಂದನೆಯದರವರೆಗೆ ಎಲ್ಲವೂ ನಮಗೆ ಸಿಕ್ಕಿದ್ದು ಹೀಗೆ ಬೆಳಗಿನ ಜಾವದಲ್ಲೇ. ಅಲ್ಲಿನ ಸಮಯಕ್ಕೆ ಹತ್ತೂವರೆ ಗಂಟೆ ಕೂಡಿಸಿದರೆ ನಮ್ಮದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಹನ್ನೊಂದೂವರೆ.

ಆಗುಂಬೆಯ ನೆತ್ತಿಯಲ್ಲಿ ನಿಂತರೂ ಬರಿಗಣ್ಣಿಗೆ ಅದು ಕಾಣುವುದಿಲ್ಲ. ಸುಮಾರು 190 ಕಿ.ಮೀ. ಎತ್ತರದಲ್ಲಿ ಹಾರುವ ವಸ್ತು 1,550 ಕಿ.ಮೀ. ದೂರದಲ್ಲೇ ದಿಗಂತದ ಕೆಳಗೆ ಇಳಿದುಬಿಡುತ್ತದೆ. ಈ ನೌಕೆ ಹೋಗುವುದು ಆಫ್ರಿಕದ ದಕ್ಷಿಣ ಭಾಗವನ್ನು ದಾಟಿ, ಹಿಂದೂ ಮಹಾಸಾಗರದ ಮೇಲೆ, ಆಸ್ಟ್ರೇಲಿಯದ ಪಶ್ಚಿಮಕ್ಕೆ. ಹಾಗಾಗಿ ಮೊಬೈಲ್ ಪರದೆಯ ನೇರಪ್ರಸಾರವೇ ಗತಿ. ಮಳೆಗಾಲವಾದರೆ ರಾತ್ರಿಯೇ ಚಾರ್ಜ್ ಮಾಡಿಟ್ಟುಕೊಳ್ಳಿ. ನೆಟ್‌ವರ್ಕ್ ಸಾಲದಿದ್ದರೆ ಚಿತ್ರದ ಗುಣಮಟ್ಟ ತಗ್ಗಿಸಿ. ಪರದೆಯ ಕೆಳಗಿನ ಅಂಕಿಗಳನ್ನು ಓದಲು ಬಂದರೆ ಸಾಕು, ಹಾರಾಟದ ಕಥೆಯೆಲ್ಲ ಅಲ್ಲೇ ಇದೆ. ಅದನ್ನು ಓದುವುದಕ್ಕೆ ತೋಟದ ಪಂಪ್‌ಸೆಟ್ಟಿನ ಜೊತೆ ಒದ್ದಾಡಿದ ಅನುಭವ ತುಂಬ ನೆರವಾಗುತ್ತದೆ.

ಜೋಗದ ನಾಲ್ಕು ಕವಲುಗಳಲ್ಲಿ ಒಂದರ ಹೆಸರೇ ರಾಕೆಟ್. ಆ ಜೋಗದ ಎತ್ತರ 253 ಮೀಟರ್. ಸ್ಟಾರ್‌ಶಿಪ್‌ನದು ಸುಮಾರು 123 ಮೀಟರ್, ಹತ್ತಿರ ಹತ್ತಿರ ಅರ್ಧ. ಕೆಳಗಿನ ಬೂಸ್ಟರ್‌ಗೆ 33 ಎಂಜಿನ್, ಮೇಲಿನ ನೌಕೆಗೆ 6. ಬೂಸ್ಟರ್ ಒಂದಕ್ಕೇ ಸುಮಾರು 3,400 ಟನ್ ದ್ರವ ತುಂಬುತ್ತಾರೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ದ್ರವ ಆಮ್ಲಜನಕ, ಉಳಿದದ್ದು ಮೀಥೇನ್. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಅದೇ. ಬಹುಪಾಲು ದ್ರವ ಎರಡೂವರೆ ನಿಮಿಷದಲ್ಲಿ ಖಾಲಿ. ಅಂದರೆ ಸೆಕೆಂಡಿಗೆ ಸುಮಾರು 20 ಟನ್, ಪ್ರತಿ ಸೆಕೆಂಡಿಗೂ ಎರಡು ದೊಡ್ಡ ಟ್ಯಾಂಕರ್ ಲಾರಿ ಬರಿದಾದ ಹಾಗೆ. ಉರಿ ಎಷ್ಟೇ ಭರ್ಜರಿಯಾಗಿ ಕಂಡರೂ ಹಾರಾಟ ಉಳಿಯುವುದೋ ಬೀಳುವುದೋ ಈ ದ್ರವದ ಹರಿವಿನಲ್ಲಿ ತೀರ್ಮಾನವಾಗುತ್ತದೆ.

ಹಾರುವ ಮುಕ್ಕಾಲು ಗಂಟೆ ಮೊದಲು ದ್ರವ ತುಂಬುವುದು ಶುರು. ಆಮ್ಲಜನಕ ಕುದಿಯುವುದೇ ಮೈನಸ್ 183 ಡಿಗ್ರಿಗೆ, ಮೀಥೇನ್ ಮೈನಸ್ 162ಕ್ಕೆ; ಎರಡನ್ನೂ ಅದಕ್ಕಿಂತ ತಣ್ಣಗೆ ಮಾಡಿ ತುಂಬುತ್ತಾರೆ. ಉಕ್ಕಿನ ಮೈಮೇಲೆ ಬಿಳಿ ಹಿಮ ಎಷ್ಟು ಎತ್ತರಕ್ಕೆ ಏರಿದೆ ನೋಡಿ, ಒಳಗಿನ ಮಟ್ಟ ತಿಳಿಯುತ್ತದೆ. ಸುಮಾರು 20 ನಿಮಿಷ ಉಳಿದಾಗ ಎಂಜಿನ್ ತಂಪು ಮಾಡುವ ಹಂತ. ಬೆಚ್ಚಗಿನ ಪಂಪಿಗೆ ಈ ದ್ರವ ಸೋಕಿದರೆ ತಕ್ಷಣ ಅನಿಲವಾಗುತ್ತದೆ, ಪಂಪು ಗಾಳಿ ಹಿಡಿಯುತ್ತದೆ. ಹೊಳೆಯಂಚಿನ ಮೋಟಾರು ಚಾಲೂ ಮಾಡುವ ಮೊದಲು ನೀರು ಹೊಯ್ದು ಗಾಳಿ ತೆಗೆಯುತ್ತೇವಲ್ಲ, ಹಾಗೆಯೇ ಇಲ್ಲಿ ಸ್ವಲ್ಪ ಸ್ವಲ್ಪ ದ್ರವ ಬಿಟ್ಟು ಪಂಪನ್ನು ಮೊದಲೇ ತಣಿಸುತ್ತಾರೆ. 40 ಸೆಕೆಂಡ್ ಉಳಿದಾಗ ಎಣಿಕೆ ನಿಂತರೆ ಗಾಬರಿ ಬೇಡ. ಕೊನೆಯ ತಪಾಸಣೆಗೆಂದೇ ಇಟ್ಟ ನಿಲುಗಡೆ ಅದು.

ಹಾರಿದ ಮೇಲೆ ಕಣ್ಣು ಪರದೆಯ ಮೂಲೆಯ 33 ಪುಟ್ಟ ವೃತ್ತಗಳ ಮೇಲಿರಲಿ. ಬೆಳಗಿದ ವೃತ್ತ ಉರಿಯುತ್ತಿರುವ ಎಂಜಿನ್. 2023ರ ಏಪ್ರಿಲ್ 20ರ ಮೊದಲ ಹಾರಾಟದಲ್ಲಿ ಮೂರು ಎಂಜಿನ್ ಹೊರಡುವಾಗಲೇ ಇರಲಿಲ್ಲ, ದಾರಿಯಲ್ಲಿ ಇನ್ನಷ್ಟು ಆರಿದವು. ಜ್ವಾಲೆಯ ಹೊಡೆತಕ್ಕೆ ಕೆಳಗಿನ ಕಾಂಕ್ರೀಟು ಕಿತ್ತು ಹಾರಿತ್ತು. ಆಮೇಲೆ ಅಲ್ಲಿಗೆ ನೀರು ಚಿಮ್ಮುವ ಉಕ್ಕಿನ ಹಾಸು ಬಂತು. ನವೆಂಬರ್ 18ರ ಎರಡನೆಯದರಲ್ಲಿ 33 ಎಂಜಿನ್ನೂ ಚೆನ್ನಾಗಿ ಉರಿದವು, ನೌಕೆ ಬೇರೆಯಾಯಿತು. ಬೂಸ್ಟರ್ ಮರಳಲೆಂದು ತಿರುಗಿ ಮತ್ತೆ ಎಂಜಿನ್ ಹೊತ್ತಿಸಿದಾಗ ಒಂದೊಂದೇ ಆರತೊಡಗಿ ಸ್ಫೋಟಿಸಿತು. ತನಿಖೆಯಲ್ಲಿ ಸಿಕ್ಕ ಬಹು ಸಂಭವನೀಯ ಕಾರಣ: ಆಮ್ಲಜನಕ ಎಂಜಿನ್ನಿಗೆ ಹೋಗುವ ಕಡೆ ಇದ್ದ ಜರಡಿ ಕಟ್ಟಿಕೊಂಡು ಪಂಪಿನ ಬಾಯಲ್ಲಿ ಒತ್ತಡ ಬಿದ್ದುಹೋಗಿತ್ತು. ನೀರೆಳೆಯುವ ಕೊಳವೆಯ ತುದಿಯ ಫುಟ್‌ವಾಲ್ವಿಗೆ ತರಗೆಲೆ ಕಟ್ಟಿದಾಗ ನಮ್ಮ ಮೋಟಾರು ಬರಿದೇ ತಿರುಗಿ ಹಾಳಾಗುವುದಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಮೂರನೆಯ ಹಾರಾಟದಲ್ಲೂ ಇದೇ ಕಾಟ. ಟ್ಯಾಂಕಿನೊಳಗೆ ಶೋಧನೆಯ ವ್ಯವಸ್ಥೆ ಸುಧಾರಿಸಿದ ಮೇಲೆ, 2024ರ ಜೂನ್ 6ರ ನಾಲ್ಕನೆಯದರಲ್ಲಿ ಬೂಸ್ಟರ್ ಮೆಲ್ಲಗೆ ಕಡಲಿಗಿಳಿಯಿತು. ಅಕ್ಟೋಬರ್ 13ರ ಐದನೆಯದರಲ್ಲಿ ಉಡಾವಣಾ ಗೋಪುರದ ತೋಳುಗಳೇ ಅದನ್ನು ಹಿಡಿದವು.

ವೃತ್ತಗಳ ಪಕ್ಕದಲ್ಲೇ ಎರಡು ಗೆರೆಗಳಿರುತ್ತವೆ, ಆಮ್ಲಜನಕಕ್ಕೊಂದು, ಮೀಥೇನಿಗೊಂದು. ಎರಡೂ ಜೊತೆಜೊತೆಯಾಗಿ ಇಳಿಯಬೇಕು. ಒಂದು ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. 2025ರ ಜನವರಿಯ ಏಳನೆಯ ಹಾರಾಟದಲ್ಲಿ ನೌಕೆಯ ಮೀಥೇನ್ ಗೆರೆ ಹೀಗೆ ಮುಂದೆ ಓಡಿತು, ಎಂಜಿನ್ ವೃತ್ತಗಳು ಸಾಲಾಗಿ ಆರಿದವು. ನೆಲದ ಪರೀಕ್ಷೆಯಲ್ಲಿ ಕಂಡದ್ದಕ್ಕಿಂತ ಹಲವು ಪಟ್ಟು ಜೋರಾದ ಕಂಪನಕ್ಕೆ ಕೊಳವೆಗಳು ಸೋರಿ, ಟ್ಯಾಂಕಿಗೂ ಎಂಜಿನ್ನಿಗೂ ನಡುವಿನ ಜಾಗದಲ್ಲಿ ಬೆಂಕಿ ಹತ್ತಿತ್ತು.

ಎಂಟೂಮುಕ್ಕಾಲು ನಿಮಿಷದ ಸುಮಾರಿಗೆ ನೌಕೆಯ ಎಂಜಿನ್ ಆರುತ್ತದೆ. ವೇಗ ಗಂಟೆಗೆ 26,000 ಕಿ.ಮೀ. ದಾಟಿರುತ್ತದೆ, ಆದರೆ ಕಕ್ಷೆಗೆ ಬೇಕಾದದ್ದಕ್ಕಿಂತ ತುಸು ಕಡಿಮೆ. ಬೇಕೆಂದೇ ಕಡಿಮೆ. ಎಂಜಿನ್ ಮತ್ತೆ ಹೊತ್ತದಿದ್ದರೂ ನೌಕೆ ತಾನಾಗಿ ಸಾಗರಕ್ಕೆ ಬೀಳಬೇಕು. ತೇಲುವ ಸ್ಥಿತಿಯಲ್ಲಿ ದ್ರವಕ್ಕೆ ತಳ ಎಂಬುದೇ ಇರುವುದಿಲ್ಲವಾದ್ದರಿಂದ ಅಲ್ಲಿ ಎಂಜಿನ್ ಹೊತ್ತಿಸುವುದು ಕಷ್ಟದ ಕೆಲಸ. ಮೊದಲ ಸಲ ಅದು ಕೈಗೂಡಿದ್ದು 2024ರ ನವೆಂಬರ್‌ನ ಆರನೆಯ ಹಾರಾಟದಲ್ಲಿ.

ಮುಕ್ಕಾಲು ಗಂಟೆಗೆ ವಾತಾವರಣ ಪ್ರವೇಶ. ನಿದ್ದೆ ಬಂದರೂ ಇದನ್ನು ಬಿಡಬೇಡಿ. ನೌಕೆಯ ಹೊಟ್ಟೆಗೆ ಸುಮಾರು 18,000 ಷಟ್ಕೋನದ ಹಂಚು ಹೊದಿಸಿದ್ದಾರೆ, 1,400 ಡಿಗ್ರಿಯ ಆಸುಪಾಸಿನ ಕಾವು ತಡೆಯಲಿಕ್ಕೆ. ಹಂಚಿನ ಮನೆಯವರಿಗೆ ಗೊತ್ತು, ಮಳೆ ಸೋರುವುದು ಹಂಚಿನ ನಡುವಿನಿಂದಲ್ಲ, ಸಂದಿಯಿಂದ, ಮಾಡು ಮಾಡು ಕೂಡುವ ಮೂಲೆಯಿಂದ. ನಾಲ್ಕನೆಯ ಹಾರಾಟದಲ್ಲಿ ಬಿಸಿ ಅನಿಲ ನುಗ್ಗಿದ್ದೂ ರೆಕ್ಕೆಯ ಕೀಲಿನ ಸಂದಿಯಲ್ಲೇ. ಕ್ಯಾಮೆರಾ ಎದುರೇ ರೆಕ್ಕೆ ಕರಗಿ ಚೂರುಚೂರಾಗಿ ಹಾರಿತು. ಆದರೂ ಅದು ಅಲುಗಾಡುತ್ತಲೇ ಕೆಲಸ ಮಾಡಿ ನೌಕೆಯನ್ನು ನೀರಿಗೆ ಮುಟ್ಟಿಸಿತು. ಗೋಪುರ ಬೂಸ್ಟರನ್ನು ಹಿಡಿದದ್ದಕ್ಕಿಂತ ದೊಡ್ಡ ಸಾಧನೆ ಇದೇ ಎಂಬುದು ನಮ್ಮ ಅಭಿಪ್ರಾಯ. ಮುಂದಿನ ಮಾದರಿಯಲ್ಲಿ ಮುಂಭಾಗದ ರೆಕ್ಕೆಗಳನ್ನು ಚಿಕ್ಕದು ಮಾಡಿ, ಕಾವಿನ ದಾರಿಯಿಂದ ಹಿಂದಕ್ಕೆ ಸರಿಸಿದರು.

ಕೊನೆಗೆ, ಸುಮಾರು 66ನೆಯ ನಿಮಿಷಕ್ಕೆ, ಹೊಟ್ಟೆ ಅಡಿಯಾಗಿ ಬೀಳುತ್ತಿದ್ದ ನೌಕೆ ಎಂಜಿನ್ ಹೊತ್ತಿಸಿ ನೆಟ್ಟಗಾಗಿ ನೀರು ಮುಟ್ಟುತ್ತದೆ. ಆಮೇಲೆ ಪಕ್ಕಕ್ಕೆ ಉರುಳುತ್ತದೆ, ಹಲವು ಸಲ ಅಲ್ಲೇ ಸ್ಫೋಟಿಸುತ್ತದೆ. ಆ ಚಿತ್ರವನ್ನಷ್ಟೇ ಹಾಕಿ ರಾಕೆಟ್ ಸಿಡಿಯಿತು ಎಂದು ಯಾರಾದರೂ ಕಳಿಸಿದರೆ, ಗಡಿಯಾರ ಎಷ್ಟು ತೋರಿಸುತ್ತಿತ್ತು ಎಂದು ಕೇಳಿ. 66ನೆಯ ನಿಮಿಷದ ಬೆಂಕಿ ಬೇರೆ, ಎಂಟನೆಯ ನಿಮಿಷದ್ದು ಬೇರೆ.