ಔಷಧ ನಿರೋಧಕ ಬ್ಯಾಕ್ಟೀರಿಯಾ: ಮಾತ್ರೆ ನುಂಗದ ಪ್ರಾಣಿಗೂ ಹೇಗೆ ಬಂತು?

ಚಾಮುಂಡಿ ಬೆಟ್ಟದ ಕೋತಿಗೆ ಯಾರೂ ಆಂಟಿಬಯೋಟಿಕ್ ಕೊಡುವುದಿಲ್ಲ. ಆದರೂ ಜನರ ಹತ್ತಿರ ಬದುಕುವ ಇಂಥ ಪ್ರಾಣಿಗಳ ಹೊಟ್ಟೆಯಲ್ಲಿ ಆಂಟಿಬಯೋಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ಇರಬಹುದು. ಇವೇ ಔಷಧ ನಿರೋಧಕ ಬ್ಯಾಕ್ಟೀರಿಯಾ. 'ನನ್ನ ಮೈಗೆ ಆ ಮಾತ್ರೆ ಒಗ್ಗಿಹೋಗಿದೆ, ಈಗ ಕೆಲಸ ಮಾಡಲ್ಲ' ಅಂತಾರಲ್ವಾ, ಅಲ್ಲಿ ಒಗ್ಗಿಕೊಂಡಿರುವುದು ಮೈ ಅಲ್ಲ, ಬ್ಯಾಕ್ಟೀರಿಯಾ.

ಕೋಟಿಗಟ್ಟಲೆ ಬ್ಯಾಕ್ಟೀರಿಯಾದಲ್ಲಿ ಎಲ್ಲೋ ಕೆಲವಕ್ಕೆ ಔಷಧ ತಡೆದುಕೊಳ್ಳುವ ಜೀನ್ ಇರುತ್ತದೆ. ಔಷಧ ಬಿದ್ದಾಗ ಮಿಕ್ಕವು ಸಾಯುತ್ತವೆ, ಇವು ಉಳಿದು ಬೆಳೆಯುತ್ತವೆ. ಎಷ್ಟೋ ಸಲ ಈ ಜೀನ್ ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್‌ಎ ಉಂಗುರದಲ್ಲಿರುತ್ತದೆ. ಪರೀಕ್ಷೆ ಹಿಂದಿನ ದಿನ ಹಾಸ್ಟೆಲಿನಲ್ಲಿ ನೋಟ್ಸ್ ಜೆರಾಕ್ಸ್ ಓಡಾಡುವ ಹಾಗೆ ಅದರ ಪ್ರತಿ ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟುತ್ತದೆ. ಬೇರೆ ಜಾತಿಯದಾದರೂ ಸರಿ.

ಇಂಥ ಬ್ಯಾಕ್ಟೀರಿಯಾ ಹೊರಗೆ ಹೋಗುವ ದಾರಿ ನೋಡಬೇಕಾದರೆ ಮಂಡ್ಯದ ಯಾವುದಾದರೂ ಕೊಟ್ಟಿಗೆಗೆ ಹೋಗಿ. ಹಸುವಿಗೆ ಕೆಚ್ಚಲು ಬಾವು ಬಂದಿದೆ. ಮೊಲೆಯ ತೂತಿನೊಳಗೆ ಟ್ಯೂಬ್‌ನಿಂದ ಆಂಟಿಬಯೋಟಿಕ್ ಏರಿಸುತ್ತಾರೆ. ಆ ಹಾಲನ್ನು ಕೆಲವು ದಿನ ಡೇರಿಗೆ ಹಾಕುವಂತಿಲ್ಲ. ಸುಮ್ನೆ ಯಾಕೆ ಚೆಲ್ಲೋದು ಅಂತ ಕರುವಿಗೆ ಕುಡಿಸುವವರಿದ್ದಾರೆ. ಕರುವಿನ ಹೊಟ್ಟೆಯಲ್ಲಿ ನಿರೋಧಕ ಬ್ಯಾಕ್ಟೀರಿಯಾ ಹೆಚ್ಚಲು ಅಷ್ಟು ಸಾಕು. ಸಗಣಿ ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ, ಮಳೆ ಬಂದರೆ ಹಳ್ಳಕ್ಕೆ. ಹುಳ ಹೆಕ್ಕಲು ಬೆಳ್ಳಕ್ಕಿ ಅದೇ ತಿಪ್ಪೆಗೆ ಬರುತ್ತದೆ.

ಹಸುವನ್ನೇ ದೂರಬೇಕಿಲ್ಲ. ನಾವು ನುಂಗುವ ಆಂಟಿಬಯೋಟಿಕ್ ಅಮಾಕ್ಸಿಸಿಲಿನ್‌ನ ಅರ್ಧಕ್ಕಿಂತ ಜಾಸ್ತಿ ಭಾಗ ಮೂತ್ರದಲ್ಲಿ ಹಾಗೇ ಹೊರಗೆ ಹೋಗುತ್ತದೆ. ಶುದ್ಧವಾಗದ ಚರಂಡಿ ನೀರು ಕೆರೆ ಸೇರಿದರೆ ಔಷಧವೂ ಸೇರಿತು, ಬ್ಯಾಕ್ಟೀರಿಯಾವೂ ಸೇರಿತು.

ಕಸದ ಪಾತ್ರ ಬಹಳ ಹಿಂದೆಯೇ ಗೊತ್ತಾಗಿತ್ತು. ಕೀನ್ಯಾದ ಅಂಬೋಸೆಲಿಯಲ್ಲಿ ಬಬೂನ್ ಕೋತಿಗಳನ್ನು ಪರೀಕ್ಷಿಸಿದವರು 1985ರಲ್ಲೇ ಬರೆದರು: ಮನುಷ್ಯರ ಕಸ ತಿನ್ನುವ ಗುಂಪಿನಲ್ಲಿ ನಿರೋಧಕ ಬ್ಯಾಕ್ಟೀರಿಯಾ ಜಾಸ್ತಿ, ಕಾಡಿನಲ್ಲೇ ಮೇಯುವ ಗುಂಪಿನಲ್ಲಿ ಕಡಿಮೆ.

ಹಾಗಂತ ನಿರೋಧಕತೆಯನ್ನು ಹುಟ್ಟುಹಾಕಿದ್ದೇ ನಾವು ಅಂದರೆ ತಪ್ಪು. ಯುರೋಪಿನ ಮುಳ್ಳುಹಂದಿಯಂಥ ಪುಟ್ಟ ಪ್ರಾಣಿ ಹೆಡ್ಜ್‌ಹಾಗ್‌ನ ಚರ್ಮದ ಮೇಲೆ ಒಂದು ಶಿಲೀಂಧ್ರ ಪೆನಿಸಿಲಿನ್ ತರಹದ ಆಂಟಿಬಯೋಟಿಕ್ ತಯಾರಿಸುತ್ತದೆ. ಅದೇ ಚರ್ಮದಲ್ಲಿ ಅದನ್ನು ತಡೆಯುವ ಬ್ಯಾಕ್ಟೀರಿಯಾ 1800ರ ದಶಕಗಳಿಂದಲೇ ಇತ್ತು ಅಂತ 2022ರ ಸಂಶೋಧನೆ ತೋರಿಸಿತು. ಫ್ಲೆಮಿಂಗ್ ಪೆನಿಸಿಲಿನ್ ಕಂಡದ್ದು 1928ರಲ್ಲಿ. ಹುಟ್ಟು ಪ್ರಕೃತಿಯದು. ಆದರೆ ಇಷ್ಟು ವೇಗ, ಇಷ್ಟು ದೂರ ಹಬ್ಬಿದ್ದರಲ್ಲಿ ನಮ್ಮ ಕೈ ದೊಡ್ಡದು.

ದೂರ ಅಂದರೆ ನಿಜಕ್ಕೂ ದೂರ. ಕೊಲಿಸ್ಟಿನ್ ಅಂದರೆ ಬೇರೆ ಯಾವ ಔಷಧವೂ ಕೆಲಸ ಮಾಡದಿದ್ದಾಗ ಐಸಿಯುನಲ್ಲಿ ಹಾಕುವ ಮದ್ದು. ಕೋಳಿ ಬೇಗ ಕೊಬ್ಬಲಿ ಅಂತ ಅದನ್ನೇ ಮೇವಿಗೂ ಬೆರೆಸುತ್ತಿದ್ದರು. ಅದಕ್ಕೆ ಬಗ್ಗದ, ಪ್ಲಾಸ್ಮಿಡ್‌ನಲ್ಲಿ ದಾಟುವ ಜೀನ್ 2015ರಲ್ಲಿ ಚೀನಾದಲ್ಲಿ ಸುದ್ದಿಯಾಯಿತು. ಆಮೇಲೆ ಬೇರೆ ದೇಶಗಳ ಕಡಲಕ್ಕಿಗಳಲ್ಲೂ ಸಿಕ್ಕಿತು. ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನುವ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತು ಮಂಗೋಲಿಯಾದಿಂದ ಬರುವುದನ್ನು ನೆನೆದರೆ, ರೆಕ್ಕೆಗೆ ಗಡಿ ಯಾವ ಲೆಕ್ಕ?

ಇಂಥ ಬ್ಯಾಕ್ಟೀರಿಯಾ ಒಯ್ಯುವ ಪ್ರಾಣಿಗೆ ಸಾಮಾನ್ಯವಾಗಿ ಕಾಯಿಲೆ ಕಾಣುವುದಿಲ್ಲ, ಹಾಗಾಗಿ ನೋಡಿ ಹೇಳಲಾಗದು. ಕೋತಿ ಕಂಡರೆ ಓಡಬೇಕಿಲ್ಲ, ಕೈತುತ್ತು ಕೊಡುವುದು ಬಿಟ್ಟರಾಯಿತು. ಕೊಲಿಸ್ಟಿನ್ ಅನ್ನು ಕೋಳಿ, ದನ, ಮೀನು ಸಾಕಣೆಯಲ್ಲಿ ಬಳಸುವುದನ್ನು ಭಾರತ 2019ರ ಜುಲೈನಲ್ಲಿ ನಿಷೇಧಿಸಿತು.