ಓದುಗರ ಪ್ರಶ್ನೆ: ಊರಿನ ಕೌನ್ಸಿಲರ್ ಯುರೋಪ್ ಸಂಸತ್ತಿನ ಅಧ್ಯಕ್ಷರಾಗುವುದು ಹೇಗೆ? ಬೆನ್ನಿಗೆ ಚರ್ಚ್ ಇರುತ್ತದೆಯೇ?

ಪ್ರಶ್ನೆ: ಯುರೋಪಿನಲ್ಲಿ 'ಕ್ರಿಶ್ಚಿಯನ್ ಡೆಮೊಕ್ರಾಟ್' ಅಂತ ಗುರುತಿಸಿಕೊಳ್ಳುವ ನಾಯಕರು ಬಹಳ. ಶುರುವಿನಲ್ಲಿ ಯಾವುದೋ ಊರಿನ ಕೌನ್ಸಿಲರ್ ಆಗಿರುತ್ತಾರೆ, ಕೊನೆಗೆ ನೋಡಿದರೆ ಯುರೋಪಿಯನ್ ಪಾರ್ಲಿಮೆಂಟಿನ ದೊಡ್ಡ ಕುರ್ಚಿಯಲ್ಲಿ ಕೂತಿರುತ್ತಾರೆ. ಇದು ಹೇಗೆ ಸಾಧ್ಯ? ಅವರನ್ನು ಚರ್ಚ್ ಬೆಳೆಸುತ್ತದೆಯೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಎಲ್ಲ ದೇಶಗಳಿಗೂ ಒಗ್ಗುವ ಉತ್ತರ ಹೇಳಹೊರಟರೆ ಯಾರಿಗೂ ಉಪಯೋಗವಾಗದ ಉತ್ತರವಾಗುತ್ತದೆ. ಹಾಗಾಗಿ ಒಬ್ಬರನ್ನೇ ಹಿಡಿದುಕೊಳ್ಳೋಣ: ಫ್ರಾನ್ಸಿನ ಪಿಯರ್ ಫ್ಲಿಮ್ಲಿನ್. 1945ರಲ್ಲಿ ಸ್ಟ್ರಾಸ್‌ಬರ್ಗ್ ನಗರದ ಕೌನ್ಸಿಲರ್. 1958ರಲ್ಲಿ ಎರಡು ವಾರದ ಮಟ್ಟಿಗೆ ಫ್ರಾನ್ಸಿನ ಪ್ರಧಾನಿ. 1959ರಿಂದ 1983ರವರೆಗೆ ಅದೇ ಸ್ಟ್ರಾಸ್‌ಬರ್ಗಿನ ಮೇಯರ್. 1984ರಿಂದ 1987ರವರೆಗೆ ಯುರೋಪಿಯನ್ ಪಾರ್ಲಿಮೆಂಟಿನ ಅಧ್ಯಕ್ಷ. ಈ ಸಾಲನ್ನು ಇನ್ನೊಮ್ಮೆ ಓದಿ. ಪ್ರಧಾನಿಯಾದ ಮೇಲೆ ಮೇಯರ್! ನಮ್ಮ ಕಡೆ ಮಾಜಿ ಪ್ರಧಾನಿಯೊಬ್ಬರು ಪಾಲಿಕೆ ಚುನಾವಣೆಗೆ ನಿಂತರೆ ಮಾರನೇ ದಿನದ ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರಗಳದೇ ಸುಗ್ಗಿ. ಅಲ್ಲಿ ಅದು ಮಾನದ ಕೆಲಸ.

ಊರಿನ ಕಥೆ ಗೊತ್ತಿಲ್ಲದೆ ಮನುಷ್ಯ ಅರ್ಥವಾಗುವುದಿಲ್ಲ. ಫ್ಲಿಮ್ಲಿನ್ ಹುಟ್ಟಿದ್ದು 1907ರಲ್ಲಿ, ಉತ್ತರ ಫ್ರಾನ್ಸಿನ ಜವಳಿ ಪಟ್ಟಣ ರೂಬೆಯಲ್ಲಿ. ಮನೆತನ ಮಾತ್ರ ಜರ್ಮನಿಯ ಗಡಿಗೆ ಅಂಟಿಕೊಂಡ, ಸ್ಟ್ರಾಸ್‌ಬರ್ಗ್ ಇರುವ ಪ್ರಾಂತ್ಯವಾದ ಅಲ್ಸಾಸಿನದು, ಬೆಳೆದದ್ದೂ ಅಲ್ಸಾಸಿನ ಮುಲೂಸಿನಲ್ಲಿ. ಆಗ ಮುಲೂಸ್ ಜರ್ಮನಿಯ ಊರು. 1871ರಲ್ಲಿ ಫ್ರಾನ್ಸ್ ಯುದ್ಧ ಸೋತು ಅಲ್ಸಾಸನ್ನು ಬಿಟ್ಟುಕೊಟ್ಟಿತ್ತು; 1918ರಲ್ಲಿ ವಾಪಸು ಪಡೆಯಿತು; 1940ರಲ್ಲಿ ಹಿಟ್ಲರ್ ಕಿತ್ತುಕೊಂಡ; 1944ರ ನವೆಂಬರ್ 23ರಂದು ಸ್ಟ್ರಾಸ್‌ಬರ್ಗ್ ಬಿಡುಗಡೆಯಾಯಿತು. ಮುಕ್ಕಾಲು ಶತಮಾನದೊಳಗೆ ನಾಲ್ಕು ಬಾರಿ ಬಾವುಟ ಬದಲು. ಆ ನಾಲ್ಕು ವರ್ಷಗಳ ನಾಜಿ ಆಡಳಿತದಲ್ಲಿ ಅಲ್ಸಾಸ್ ಮತ್ತು ಪಕ್ಕದ ಮೊಸೆಲ್‌ನಿಂದ ಸುಮಾರು 1,30,000 ಮಂದಿಯನ್ನು ಬಲವಂತವಾಗಿ ಜರ್ಮನ್ ಸೇನೆಗೆ ಸೇರಿಸಿದರು. ಬಹುಪಾಲು ಜನರನ್ನು ಸಾಗಿಸಿದ್ದು ರಷ್ಯಾದ ರಣರಂಗಕ್ಕೆ. ತಮ್ಮದಲ್ಲದ ಸಮವಸ್ತ್ರ ತೊಟ್ಟು ಸತ್ತ ಮಕ್ಕಳ ಊರಿನಲ್ಲಿ 'ಯುರೋಪಿನ ಐಕ್ಯತೆ' ಎಂಬುದು ಭಾಷಣದ ಸರಕಾಗಿರಲಿಲ್ಲ.

ಇನ್ನು ಚರ್ಚ್. ಫ್ರಾನ್ಸ್ 1905ರಲ್ಲಿ ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸುವ ಕಾನೂನು ಮಾಡಿತು, ಅದು ಎಲ್ಲರಿಗೂ ಗೊತ್ತು. ಆದರೆ ಆ ವರ್ಷ ಅಲ್ಸಾಸ್ ಜರ್ಮನಿಯ ಕೈಯಲ್ಲಿತ್ತು. ವಾಪಸು ಬಂದ ಮೇಲೂ ಅಲ್ಲಿನವರು ಹಳೆಯ ಏರ್ಪಾಡನ್ನು ಬಿಟ್ಟುಕೊಡಲಿಲ್ಲ. ಇವತ್ತಿಗೂ ಅಲ್ಸಾಸಿನಲ್ಲಿ ಕ್ಯಾಥೊಲಿಕ್ ಪಾದ್ರಿಗೆ, ಪ್ರೊಟೆಸ್ಟೆಂಟ್ ಪಾಸ್ಟರಿಗೆ, ಯೆಹೂದಿ ರಬ್ಬಿಗೆ ಸರ್ಕಾರದ ಸಂಬಳ. ಸರ್ಕಾರಿ ಶಾಲೆಯಲ್ಲಿ ಧರ್ಮಬೋಧೆಯ ಪಾಠ. ಪ್ಯಾರಿಸಿನಲ್ಲಿ ಹುಬ್ಬೇರಿಸುವ ಸಂಗತಿ ಇಲ್ಲಿ ಮಾಮೂಲು. ಆದ್ದರಿಂದ ಬಹಿರಂಗವಾಗಿ ಕ್ಯಾಥೊಲಿಕನಾಗಿ ರಾಜಕೀಯ ಮಾಡುವುದಕ್ಕೆ ಫ್ರಾನ್ಸಿನಲ್ಲೇ ಇಷ್ಟು ಅನುಕೂಲದ ನೆಲ ಇನ್ನೊಂದಿರಲಿಲ್ಲ.

ಫ್ಲಿಮ್ಲಿನ್ ಸೇರಿದ ಪಕ್ಷ ಎಂ.ಆರ್.ಪಿ. (ಬೆಲೆ ಚೀಟಿಯದಲ್ಲ, ಜನಪರ ಗಣತಂತ್ರ ಚಳವಳಿ ಎಂಬರ್ಥದ ಫ್ರೆಂಚ್ ಹೆಸರಿನ ಮೊದಲಕ್ಷರಗಳು.) ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡಿದ ಕ್ಯಾಥೊಲಿಕರು 1944ರ ನವೆಂಬರಿನಲ್ಲಿ ಕಟ್ಟಿದ್ದು. ಜರ್ಮನಿ, ಇಟಲಿಯ ಸೋದರ ಪಕ್ಷಗಳು ಹೆಸರಿನಲ್ಲೇ ಕ್ರಿಸ್ತನನ್ನು ಇಟ್ಟುಕೊಂಡವು. ಫ್ರಾನ್ಸಿನವರು ಆ ಧೈರ್ಯ ಮಾಡಲಿಲ್ಲ. ಚರ್ಚ್ ಕೊಟ್ಟದ್ದು ಟಿಕೆಟ್ಟಲ್ಲ, ಕಾರ್ಯಕರ್ತರನ್ನು. ಕ್ಯಾಥೊಲಿಕ್ ರೈತ ಯುವಕರ ಸಂಘ, ಕ್ಯಾಥೊಲಿಕ್ ಕಾರ್ಮಿಕ ಸಂಘ, ಹಳ್ಳಿ ಹಳ್ಳಿಯ ಚರ್ಚಿನ ಬಳಗ, ಇವುಗಳಲ್ಲಿ ಸಭೆ ನಡೆಸಿ, ಲೆಕ್ಕ ಬರೆದು, ವಾದ ಮಾಡಿ ಪಳಗಿದ ಒಂದು ತಲೆಮಾರೇ ಸಿದ್ಧವಾಗಿತ್ತು. ಜೊತೆಗೆ ಫ್ರಾನ್ಸಿನ ಹೆಂಗಸರು ಮೊದಲ ಬಾರಿ ಮತ ಹಾಕಿದ್ದೂ 1945ರಲ್ಲಿ. ಹೊಸ ಮತದಾರರಲ್ಲಿ ಚರ್ಚಿಗೆ ಹೋಗುವವರ ಮತ ಯಾವ ಕಡೆ ವಾಲಿತೆಂದು ಬಿಡಿಸಿ ಹೇಳಬೇಕಿಲ್ಲ.

ಅದೇ 1945ರಲ್ಲಿ ಫ್ಲಿಮ್ಲಿನ್ ಕೌನ್ಸಿಲರೂ ಆದರು, ಪ್ಯಾರಿಸಿನ ಸಂಸತ್ತಿಗೂ ಆಯ್ಕೆಯಾದರು. ಎರಡೂ ಒಟ್ಟಿಗೆ. ಫ್ರೆಂಚ್ ರಾಜಕೀಯದ ಕೀಲಿ ಇರುವುದು ಇಲ್ಲೇ. ಒಬ್ಬರೇ ಊರಿನಲ್ಲೂ ಜಿಲ್ಲೆಯಲ್ಲೂ ದೇಶದಲ್ಲೂ ಏಕಕಾಲಕ್ಕೆ ಹುದ್ದೆ ಹಿಡಿಯುವುದು ಅಲ್ಲಿ ರೂಢಿಯಾಗಿತ್ತು. ಬಲಿಷ್ಠ ನಾಯಕನ ಲಕ್ಷಣವೇ ಅದು. ಹಾಗಾಗಿ 'ಕೆಳಗಿನಿಂದ ಮೇಲಕ್ಕೆ' ಎಂಬ ಚಿತ್ರ ಇಲ್ಲಿ ಅಷ್ಟು ಸರಿಹೊಂದುವುದಿಲ್ಲ. ಕೆಳಗಿನ ಮೆಟ್ಟಿಲನ್ನು ಅವರು ಬಿಟ್ಟದ್ದೇ ಇಲ್ಲ. 1947ರಲ್ಲಿ ಕೃಷಿ ಸಚಿವರಾದಾಗಲೂ ಬೇರು ಸ್ಟ್ರಾಸ್‌ಬರ್ಗಿನಲ್ಲೇ. ಕೃಷಿ ಖಾತೆಯಲ್ಲಿದ್ದಾಗ ಒಂದು ದೊಡ್ಡ ಕನಸನ್ನೂ ಕಂಡರು: ಕಲ್ಲಿದ್ದಲು, ಉಕ್ಕಿಗೆ ಯುರೋಪಿನ ದೇಶಗಳು ಒಂದೇ ಮಾರುಕಟ್ಟೆ ಮಾಡಿಕೊಳ್ಳುವುದಾದರೆ ಗೋಧಿ, ಹಾಲು, ಸಕ್ಕರೆಗೂ ಯಾಕಾಗಬಾರದು? 'ಹಸಿರು ಪೂಲ್' ಎಂದು ಹೆಸರಾದ ಆ ಯೋಜನೆ ಮಾತುಕತೆಗಳಲ್ಲೇ ಕರಗಿಹೋಯಿತು. ಯುರೋಪಿನ ಸಮಾನ ಕೃಷಿ ನೀತಿ 1962ರಲ್ಲಿ ಜಾರಿಗೆ ಬರುವ ಹೊತ್ತಿಗೆ ಕೃಷಿ ಖಾತೆ ಅವರ ಕೈ ಬಿಟ್ಟು ಹತ್ತು ವರ್ಷ ದಾಟಿತ್ತು.

ಈಗ 1958ರ ಮೇ ತಿಂಗಳು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ ಫ್ರಾನ್ಸನ್ನು ಹಿಂಡುತ್ತಿತ್ತು, ಸರ್ಕಾರಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಮೇ 13ರಂದು ಫ್ಲಿಮ್ಲಿನ್ ಪ್ರಧಾನಿಯಾಗಲು ಸಂಸತ್ತಿನ ಒಪ್ಪಿಗೆ ಕೇಳಿ ನಿಂತರು. ಇವರು ಬಂಡುಕೋರರ ಜೊತೆ ಮಾತುಕತೆಗೆ ಇಳಿಯುತ್ತಾರೆ ಎಂಬ ಅನುಮಾನ ಆಲ್ಜೀರಿಯಾದ ಫ್ರೆಂಚ್ ವಲಸಿಗರಿಗೆ. ಅವರು ಚರ್ಚೆ ಮುಗಿಯುವವರೆಗೂ ಕಾಯಲಿಲ್ಲ. ಆಲ್ಜೀರ್ಸಿನ ಸರ್ಕಾರಿ ಭವನಕ್ಕೆ ನುಗ್ಗಿದರು, ಜನರಲ್ ಮಸ್ಸು ಮುಂದಾಳತ್ವದಲ್ಲಿ ಸಮಿತಿಯೊಂದು ತಾನೇ ಅಧಿಕಾರ ಎಂದು ಘೋಷಿಸಿಕೊಂಡಿತು. ಪ್ಯಾರಿಸಿನಲ್ಲಿ ಅದುವರೆಗೆ ಫ್ಲಿಮ್ಲಿನ್ ಗೆಲ್ಲುವುದು ಅನುಮಾನ ಎನ್ನುತ್ತಿದ್ದವರು ಸುದ್ದಿ ಕೇಳಿ ಗಣರಾಜ್ಯ ಉಳಿಸಿಕೊಳ್ಳಲು ಅವರ ಕಡೆ ತಿರುಗಿದರು. ಮಧ್ಯರಾತ್ರಿ ಕಳೆದ ಮೇಲೆ ಮತ ಎಣಿಕೆ: ಪರ 274, ವಿರೋಧ 129. ಕಮ್ಯುನಿಸ್ಟರು ಮತ ಹಾಕದೆ ಕೂತು ದಾರಿ ಬಿಟ್ಟರು. ಅಂದರೆ ತನ್ನ ವಿರುದ್ಧ ಎದ್ದ ದಂಗೆಯೇ ಈ ಮನುಷ್ಯನನ್ನು ಪ್ರಧಾನಿ ಮಾಡಿತು.

ಉಳಿಸಲು ಮಾತ್ರ ಅದರಿಂದಾಗಲಿಲ್ಲ. ಮೇ 24ರಂದು ದಂಗೆಕೋರ ಪ್ಯಾರಾಟ್ರೂಪರ್‌ಗಳು ಫ್ರಾನ್ಸಿನದೇ ದ್ವೀಪವಾದ ಕೊರ್ಸಿಕಾ ವಶಪಡಿಸಿಕೊಂಡರು. ಮುಂದಿನ ಗುರಿ ಪ್ಯಾರಿಸ್ ಎಂಬ ಗಾಳಿಮಾತು. ಸೇನೆ ಪ್ರಧಾನಿಯ ಮಾತು ಕೇಳುತ್ತಿರಲಿಲ್ಲ. ಮೇ 26ರ ರಾತ್ರಿ ಸಾಂ-ಕ್ಲೂ ಎಂಬಲ್ಲಿ ಫ್ಲಿಮ್ಲಿನ್ ಗುಟ್ಟಾಗಿ, ಎರಡನೇ ಮಹಾಯುದ್ಧದ ನಾಯಕ, ಆಗ ಅಧಿಕಾರದ ಹೊರಗಿದ್ದ ಜನರಲ್ ಡಿ ಗಾಲ್‌ರನ್ನು ಭೇಟಿಯಾದರು. ಒಪ್ಪಂದವೇನೂ ಆಗಲಿಲ್ಲ. ಆದರೂ ಮಾರನೇ ದಿನ ಡಿ ಗಾಲ್, ಸರ್ಕಾರ ರಚಿಸುವ ಪ್ರಕ್ರಿಯೆ ಶುರು ಮಾಡಿದ್ದೇನೆಂದು ಹೇಳಿಕೆ ಹೊರಡಿಸಿಬಿಟ್ಟರು. 28ಕ್ಕೆ ಫ್ಲಿಮ್ಲಿನ್ ರಾಜೀನಾಮೆ. ದುರ್ಬಲ ಪ್ರಧಾನಿ ಎಂದು ಅವರನ್ನು ತಳ್ಳಿಹಾಕಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸೈನ್ಯವೇ ಕೈಯಲ್ಲಿಲ್ಲದಾಗ ಅಂತರ್ಯುದ್ಧವಾಗದ ಹಾಗೆ ಕುರ್ಚಿ ಬಿಟ್ಟಿದ್ದು ಸಣ್ಣ ಕೆಲಸವಲ್ಲ.

ಹತ್ತು ತಿಂಗಳ ನಂತರ, 1959ರ ಮಾರ್ಚಿನಲ್ಲಿ, ಅವರು ಸ್ಟ್ರಾಸ್‌ಬರ್ಗಿನ ಮೇಯರ್. ಅಲ್ಲಿ ಮೇಯರ್ ಅವಧಿ ಆರು ವರ್ಷ. ನಮ್ಮ ಹಲವು ಮಹಾನಗರಪಾಲಿಕೆಗಳಲ್ಲಿ ರೂಢಿಯಾಗಿದ್ದಂತೆ ವರ್ಷಕ್ಕೊಬ್ಬರಲ್ಲ. ನಾಲ್ಕು ಅವಧಿ, 24 ವರ್ಷ. 1960ರಲ್ಲಿ ರೈನ್ ನದಿಗೆ ಅಡ್ಡಲಾಗಿ ಜರ್ಮನಿಯ ಕೇಲ್ ಊರಿಗೆ ಹೋಗುವ ಯುರೋಪ್ ಸೇತುವೆ ತೆರೆಯಿತು. 1962ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಜೊತೆ ಸೋದರ ನಗರ ಒಪ್ಪಂದ, ಯುದ್ಧ ಮುಗಿದು ಇನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಅದೇ 1962ರಲ್ಲಿ ಇನ್ನೊಂದು ರಾಜೀನಾಮೆ. ಡಿ ಗಾಲ್ ಸರ್ಕಾರಕ್ಕೆ ಮತ್ತೆ ಸಚಿವರಾಗಿ ಸೇರಿ ಒಂದು ತಿಂಗಳಾಗಿತ್ತಷ್ಟೆ. ಮೇ 15ರ ಪತ್ರಿಕಾಗೋಷ್ಠಿಯಲ್ಲಿ ಡಿ ಗಾಲ್ ದೇಶಗಳಿಗಿಂತ ಮೇಲಿನ ಅಧಿಕಾರವುಳ್ಳ ಯುರೋಪ್ ಎಂಬ ಕಲ್ಪನೆಯನ್ನೇ ಗೇಲಿ ಮಾಡಿದರು: ದಾಂತೆ, ಗಯಟೆ, ಶಾತೋಬ್ರಿಯಾಂರಂಥ ಸಾಹಿತಿಗಳು ದೇಶವಿಲ್ಲದವರಾಗಿ ಎಸ್ಪೆರಾಂಟೊ, ವೊಲಾಪ್ಯೂಕ್‌ಗಳಂಥ ಕೃತಕ ಭಾಷೆಯಲ್ಲಿ ಬರೆದಿದ್ದರೆ ಯುರೋಪಿಗೆ ಏನು ಬರುತ್ತಿತ್ತು, ಎಂಬ ಧಾಟಿ. ಮಾತು ಚುರುಕಾಗಿತ್ತು, ಒಪ್ಪೋಣ. ಎಂ.ಆರ್.ಪಿ.ಯ ಐವರು ಸಚಿವರು ಒಟ್ಟಿಗೆ ಹೊರನಡೆದರು, ಫ್ಲಿಮ್ಲಿನ್ ಅವರಲ್ಲೊಬ್ಬರು. ಪ್ಯಾರಿಸಿನಲ್ಲಿ ಅವರ ಸಚಿವಗಿರಿ ಅಲ್ಲಿಗೆ ಮುಗಿಯಿತು. ಮೇಯರಗಿರಿ ಇತ್ತಲ್ಲ, ಹೋಗಲು ಜಾಗವಿತ್ತು. ಊರಿನ ಕುರ್ಚಿ ಗಟ್ಟಿಯಾಗಿದ್ದವರಿಗೆ ಮಾತ್ರ ಇಷ್ಟು ಸಲೀಸಾಗಿ ರಾಜೀನಾಮೆ ಬಿಸಾಡಲು ಸಾಧ್ಯ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಸ್ಟ್ರಾಸ್‌ಬರ್ಗಿನಲ್ಲಿ 1949ರಿಂದಲೇ ಇರುವುದು ಕೌನ್ಸಿಲ್ ಆಫ್ ಯುರೋಪ್. ಮಾನವ ಹಕ್ಕುಗಳನ್ನು ನೋಡಿಕೊಳ್ಳುವ ಸಂಸ್ಥೆ. ಯುರೋಪಿಯನ್ ಪಾರ್ಲಿಮೆಂಟ್ ಬೇರೆ. ಅದು ಇಂದಿನ ಯುರೋಪಿಯನ್ ಒಕ್ಕೂಟದ್ದು. ಪಾರ್ಲಿಮೆಂಟಿಗೆ ಅಲ್ಲಿ ಸ್ವಂತ ಸಭಾಂಗಣ ಬಹುಕಾಲ ಇರಲಿಲ್ಲ, ಕೌನ್ಸಿಲ್ಲಿನದನ್ನೇ ಬಳಸಿಕೊಳ್ಳುತ್ತಿತ್ತು. ಫ್ಲಿಮ್ಲಿನ್ 1963ರಿಂದ 1966ರವರೆಗೆ ಕೌನ್ಸಿಲ್ ಆಫ್ ಯುರೋಪಿನ ಸಭೆಯ ಅಧ್ಯಕ್ಷರಾಗಿದ್ದರು, ಮೇಯರ್ ಆಗಿರುವಾಗಲೇ. ಮನೆ ಮಾಲೀಕನೇ ಬಾಡಿಗೆದಾರರ ಸಂಘದ ಅಧ್ಯಕ್ಷನಾದ ಹಾಗೆ. ಅವರನ್ನು ಯುರೋಪಿನ ಮಟ್ಟಕ್ಕೆ ತಂದದ್ದು ಎರಡು ವಾರದ ಪ್ರಧಾನಿಗಿರಿಯಲ್ಲ, ಈ ಮೇಯರ್ ಪದವಿ ಎಂದೇ ನನ್ನ ಎಣಿಕೆ. ಅವರು ಯುರೋಪಿಗೆ ಹೋಗುವುದಕ್ಕಿಂತ ಮೊದಲೇ ಯುರೋಪ್ ಅವರ ಊರಿಗೆ ಬಂದು ಕೂತಿತ್ತು.

1979ರ ಜೂನ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟಿಗೆ ಮೊದಲ ನೇರ ಚುನಾವಣೆ. ಫ್ರಾನ್ಸಿಗೆ 81 ಸ್ಥಾನ, ಇಡೀ ದೇಶವೇ ಒಂದು ಕ್ಷೇತ್ರ. ಜನ ಮತ ಹಾಕುವುದು ಅಭ್ಯರ್ಥಿಗಲ್ಲ, ಪಕ್ಷದ ಪಟ್ಟಿಗೆ. ಸಿಮೋನ್ ವೇಯ್ ಮುಂದಾಳತ್ವದ ಪಟ್ಟಿಯಿಂದ ಫ್ಲಿಮ್ಲಿನ್ ಗೆದ್ದರು. 1983ರಲ್ಲಿ ಮೇಯರ್ ಪದವಿ ಬಿಟ್ಟರು. 1984ರ ಜುಲೈನಲ್ಲಿ, 77ನೇ ವಯಸ್ಸಿನಲ್ಲಿ, ಸದಸ್ಯರು ಗುಪ್ತ ಮತದಾನದಿಂದ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅವಧಿ ಎರಡೂವರೆ ವರ್ಷ.

ಆ ಹುದ್ದೆಗೆ ಎಷ್ಟು ಬಲವಿತ್ತು? 1985ರ ಡಿಸೆಂಬರಿಗೆ ಹೋಗೋಣ. ಸದಸ್ಯ ದೇಶಗಳ ಸಚಿವರು ಒಪ್ಪಿದ ಮಿತಿಗಿಂತ ಹೆಚ್ಚು ಖರ್ಚಿನ 1986ರ ಬಜೆಟ್ಟಿಗೆ ಪಾರ್ಲಿಮೆಂಟ್ ಮತ ಹಾಕಿತು. ಬಜೆಟ್ ಅಂತಿಮವಾಯಿತೆಂದು ಘೋಷಿಸಿ ಸಹಿ ಹಾಕುವ ಅಧಿಕಾರ ಅಧ್ಯಕ್ಷರದು, ಡಿಸೆಂಬರ್ 18ರಂದು ಫ್ಲಿಮ್ಲಿನ್ ಘೋಷಿಸಿದರು. ಸಚಿವರ ಮಂಡಳಿ ಯುರೋಪಿಯನ್ ನ್ಯಾಯಾಲಯದ ಮೆಟ್ಟಿಲೇರಿತು. 1986ರ ಜುಲೈ 3ರಂದು ನ್ಯಾಯಾಲಯ ರದ್ದುಗೊಳಿಸಿದ್ದು ಅಧ್ಯಕ್ಷರ ಆ ಘೋಷಣೆಯನ್ನೇ. ಎರಡೂ ಕಡೆಯವರು ಮತ್ತೆ ಕೂತು ಬಜೆಟ್ ಒಪ್ಪಿಕೊಳ್ಳಿ ಎಂದಿತು. ಜನರಿಂದ ಆಯ್ಕೆಯಾದ ಸದನವಾದರೂ ಹಣದ ಚೀಲದ ದಾರ ಪೂರ್ತಿ ತನ್ನ ಕೈಯಲ್ಲಿಲ್ಲ ಎಂಬುದು ಆವತ್ತು ಎಲ್ಲರಿಗೂ ಕಂಡಿತು.

ಇನ್ನೊಂದು ಪೇಚು ಇದಕ್ಕಿಂತ ಖಾರವಾದದ್ದು. 1985ರ ಅಕ್ಟೋಬರಿನಲ್ಲಿ, ಸ್ಟ್ರಾಸ್‌ಬರ್ಗಿನ ಮಾಜಿ ಮೇಯರ್ ಅಧ್ಯಕ್ಷ ಪೀಠದಲ್ಲಿರುವ ಕಾಲದಲ್ಲೇ, ಬ್ರಸೆಲ್ಸ್‌ನಲ್ಲಿ ದೊಡ್ಡ ಸಭಾಂಗಣ ಕಟ್ಟಬೇಕೆಂದು ಪಾರ್ಲಿಮೆಂಟ್ ನಿರ್ಣಯ ಮಾಡಿತು. ಸಮಿತಿಗಳೆಲ್ಲ ಬ್ರಸೆಲ್ಸ್‌ನಲ್ಲಿ, ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಿಕೊಂಡು ಸ್ಟ್ರಾಸ್‌ಬರ್ಗಿಗೆ, ಸದಸ್ಯರಿಗೆ ಸಾಕಾಗಿತ್ತು. ಫ್ರಾನ್ಸ್ ಸರ್ಕಾರ ಪಾರ್ಲಿಮೆಂಟಿನ ಮೇಲೆಯೇ ದಾವೆ ಹೂಡಿತು, 1988ರಲ್ಲಿ ಸೋತಿತು. ಸ್ಟ್ರಾಸ್‌ಬರ್ಗಿನ ಅಧಿವೇಶನಗಳು ಮಾತ್ರ ಉಳಿದವು. 1992ರ ಎಡಿನ್‌ಬರಾ ಶೃಂಗಸಭೆ ವರ್ಷಕ್ಕೆ 12 ಎಂದು ಗಟ್ಟಿ ಮಾಡಿತು.

ಹಾಗಾದರೆ ಕ್ರೈಸ್ತ ನಂಬಿಕೆ ಇದರಲ್ಲೆಲ್ಲ ಏನು ಮಾಡಿತು? ಫ್ಲಿಮ್ಲಿನ್‌ಗೆ ಅದು ಮೊದಲು ಒಂದು ಬಳಗ ಕೊಟ್ಟಿತು. ಯುರೋಪಿಯನ್ ಪೀಪಲ್ಸ್ ಪಾರ್ಟಿ ಎಂಬ ಕ್ರಿಶ್ಚಿಯನ್ ಡೆಮೊಕ್ರಾಟರ ಗುಂಪು ಅವರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತು. ಅಲ್ಲಿದ್ದ ಜರ್ಮನ್, ಇಟಾಲಿಯನ್ ಸದಸ್ಯರೊಂದಿಗೆ ಅವರ ಪಂಥದ ನಂಟು 1940ರ ದಶಕದಿಂದಲೇ ಬೆಳೆದದ್ದು. ಬೇರೆ ಬೇರೆ ದೇಶದವರಾದರೂ ಭಾನುವಾರ ಒಂದೇ ಪೂಜೆಗೆ ಹೋಗುವವರು ಎಂಬ ಸಲಿಗೆ ಆ ತಲೆಮಾರಿನಲ್ಲಿತ್ತು. ಕಾನೂನು ಮಾಡುವಾಗ ಅದು ಎಷ್ಟು ಕೆಲಸಕ್ಕೆ ಬಂತೋ, ನಂಬಿಕೆ ಬೆಳೆಸುವಾಗ ಅದಕ್ಕಿಂತ ಹೆಚ್ಚು ಬಂತು. ಹಾಗಂತ ಸ್ಟ್ರಾಸ್‌ಬರ್ಗಿನಲ್ಲಿ ಕ್ರೈಸ್ತ ಹಿನ್ನೆಲೆ ಎಂದರೆ ಬಲಪಂಥವೇ ಎಂದುಕೊಳ್ಳಬೇಡಿ. 1989ರಲ್ಲಿ ಫ್ಲಿಮ್ಲಿನ್ ಅವರ ಉತ್ತರಾಧಿಕಾರಿಯನ್ನು ಸೋಲಿಸಿ ಮೇಯರ್ ಆದ ಕ್ಯಾಥರೀನ್ ಟ್ರೋಟ್‌ಮನ್ ಪ್ರೊಟೆಸ್ಟೆಂಟ್ ಧರ್ಮಶಾಸ್ತ್ರ ಓದಿದವರು, ಪಕ್ಷ ಮಾತ್ರ ಸೋಷಲಿಸ್ಟ್. ಅವರೂ ಮೇಯರ್ ಆಗಿದ್ದುಕೊಂಡೇ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಕೂತರು.

ಫ್ಲಿಮ್ಲಿನ್ 2000ದ ಜೂನ್‌ನಲ್ಲಿ ತೀರಿಕೊಂಡರು. ಅವರು ನಡೆದ ದಾರಿ ಈಗ ಕಾನೂನಿನಿಂದಲೇ ಬಂದ್ ಆಗಿದೆ. 2014ರಲ್ಲಿ ಫ್ರಾನ್ಸ್ ಮಾಡಿದ ಕಾಯ್ದೆಯ ಪ್ರಕಾರ ಸಂಸದರು ಮೇಯರ್ ಆಗಿರುವಂತಿಲ್ಲ. 2019ರ ಚುನಾವಣೆಯಿಂದ ಯುರೋಪಿಯನ್ ಪಾರ್ಲಿಮೆಂಟಿನ ಸದಸ್ಯರಿಗೂ ಇದು ಅನ್ವಯ. ಇನ್ನು ಮುಂದೆ ಒಂದು ಕುರ್ಚಿ ಬಿಟ್ಟೇ ಇನ್ನೊಂದಕ್ಕೆ ಹೋಗಬೇಕು. ಸ್ಟ್ರಾಸ್‌ಬರ್ಗಿನ ಇನ್ನೊಬ್ಬ ಮಾಜಿ ಮೇಯರ್ ಫಾಬಿಯೆನ್ ಕೆಲ್ಲರ್ ಹಾಗೆಯೇ ಹೋದವರು: ಮೇಯರ್ ಆಗಿದ್ದಾಗಲೇ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಸೇರಿದ್ದರು, 2008ರಲ್ಲಿ ನಗರ ಕೈತಪ್ಪಿತು, 2019ರಲ್ಲಿ ಸೆನೆಟ್ ಬಿಟ್ಟು ಯುರೋಪಿಯನ್ ಪಾರ್ಲಿಮೆಂಟ್.