ಲೀನ್: ಕಡತ ಎಲ್ಲಿ ಕೂತಿದೆ ಅಂತ ಹುಡುಕುವ ವಿದ್ಯೆ

ಒಂದು ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೀರಿ. ಕೈಗೆ ಬರಲು ಇಪ್ಪತ್ತು ದಿನ ಹಿಡಿಯಿತು ಅಂದುಕೊಳ್ಳಿ. ಆ ಇಪ್ಪತ್ತು ದಿನದಲ್ಲಿ ನಿಮ್ಮ ಅರ್ಜಿಯ ಮೇಲೆ ನಿಜವಾಗಿ ಕೆಲಸ ನಡೆದದ್ದು ಎಷ್ಟು ಹೊತ್ತು? ದಾಖಲೆ ತಾಳೆ ನೋಡಲು ಹತ್ತು ನಿಮಿಷ, ಟಿಪ್ಪಣಿ ಬರೆಯಲು ಐದು ನಿಮಿಷ, ಸಹಿಗೆ ಒಂದು ನಿಮಿಷ. ಎಲ್ಲ ಕೂಡಿದರೂ ಅರ್ಧ ಗಂಟೆ ದಾಟುವುದಿಲ್ಲ. ಉಳಿದ ಹೊತ್ತೆಲ್ಲ ಅದು ಯಾವುದೋ ಮೇಜಿನ ಮೇಲೆ ಸುಮ್ನೆ ಕೂತಿತ್ತು. ಯಾಕೆ ಕೂತಿತ್ತು ಅಂತ ಕೇಳುವುದೇ ‘ಲೀನ್’.

ಇಂಗ್ಲಿಷಿನ ಈ ಪದಕ್ಕೆ ಕೊಬ್ಬಿಲ್ಲದ್ದು, ತೆಳ್ಳಗಿನದು ಎಂಬ ಅರ್ಥ. 1988ರಲ್ಲಿ ಜಾನ್ ಕ್ರಾಫ್ಸಿಕ್ ಎಂಬ ಸಂಶೋಧಕ ಕಾರು ಕಾರ್ಖಾನೆಗಳ ಬಗ್ಗೆ ಬರೆದ ಲೇಖನದಲ್ಲಿ ಇದನ್ನು ಬಳಸಿದರು. ಹೆಸರು ಅಲ್ಲಿಂದ ಬಂತು, ವಿದ್ಯೆ ಅದಕ್ಕಿಂತ ಹಳೆಯದು. ಎರಡನೇ ಮಹಾಯುದ್ಧದ ನಂತರ ಜಪಾನಿನ ಟೊಯೋಟಾದಲ್ಲಿ ತೈಇಚಿ ಓನೋ ಮತ್ತು ಅವರ ಸಂಗಡಿಗರು ಇದನ್ನು ಕಟ್ಟಿದರು. ದಂಡವಾಗುವ ಕೆಲಸಕ್ಕೆ ಅವರ ಭಾಷೆಯಲ್ಲಿ ‘ಮುದಾ’ ಎನ್ನುತ್ತಾರೆ. ನಮಗೆ ಮುದ ಅಂದರೆ ಸಂತೋಷ, ಅವರಿಗೆ ದಂಡ! ಕಾಯುವುದು, ಬೇಕಾದ್ದಕ್ಕಿಂತ ಜಾಸ್ತಿ ಮಾಡಿಡುವುದು, ಸುಮ್ಮನೆ ಸಾಗಿಸುವುದು, ತಪ್ಪು ಮಾಡಿ ತಿದ್ದುವುದು ಹೀಗೆ ಓನೋ ಏಳು ಬಗೆಯ ಮುದಾ ಗುರುತಿಸಿದರು.

ಕಾರ್ಖಾನೆಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅರ್ಧಂಬರ್ಧ ಆದ ಸಾಮಾನು ನೆಲದ ಮೇಲೆ ಬಿದ್ದಿರುತ್ತದೆ, ಕಾಲಿಗೆ ತೊಡರುತ್ತದೆ. ಕಚೇರಿಯಲ್ಲಿ ಹಾಗಲ್ಲ. ನೂರು ಅರ್ಜಿ ಒಂದು ಡ್ರಾಯರಿನಲ್ಲಿ ಅಡಗುತ್ತವೆ. ಕಂಪ್ಯೂಟರ್ ಬಂದ ಮೇಲಂತೂ ಆ ಗುಡ್ಡೆಯೂ ಕಾಣುವುದಿಲ್ಲ. ಹಳೇ ದಾರಿಯನ್ನು ಹಾಗೇ ಆನ್‌ಲೈನ್ ಮಾಡಿದರೆ ಸಾಲು ಕೌಂಟರಿನಿಂದ ಪರದೆಗೆ ಹೋಗುತ್ತದೆ, ಅಷ್ಟೇ. ಅದಕ್ಕೇ ಲೀನ್ ಬಲ್ಲವರು ಮೊದಲು ನಡೆಯಿರಿ ಅನ್ನುತ್ತಾರೆ. ಒಂದೇ ಒಂದು ಅರ್ಜಿಯ ಬೆನ್ನು ಹಿಡಿದು ಮೇಜಿಂದ ಮೇಜಿಗೆ ಹೋಗಿ, ಎಲ್ಲಿ ಎಷ್ಟು ಹೊತ್ತು ಕೆಲಸ, ಎಷ್ಟು ಹೊತ್ತು ಕಾಯುವಿಕೆ ಅಂತ ಬರೆದುಕೊಳ್ಳಬೇಕು. ಹಾಗೆ ಬರೆದ ನಕ್ಷೆಗೆ ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್ ಎಂದು ಹೆಸರು.

ಇಲ್ಲಿ ಒಂದು ಸಣ್ಣ ಲೆಕ್ಕ ನೆರವಿಗೆ ಬರುತ್ತದೆ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು. ಕಚೇರಿಯಲ್ಲಿ 600 ಅರ್ಜಿ ಬಾಕಿ ಇವೆ, ದಿನಕ್ಕೆ 30 ಮುಗಿಯುತ್ತವೆ, ಹೊಸದಾಗಿ ಬರುವುದೂ ಅಷ್ಟೇ. ಆಗ ಒಂದು ಅರ್ಜಿಗೆ ಸರಾಸರಿ 20 ದಿನ ಬೇಕು. ಸಿಬ್ಬಂದಿಯನ್ನು ಬೈದರೂ ಅದು 20 ದಿನವೇ. ಹೇಗೋ ಬಾಕಿಯನ್ನು ಒಮ್ಮೆ 150ಕ್ಕೆ ಇಳಿಸಿದರೆ, ಅಷ್ಟೇ ಜನ ಅಷ್ಟೇ ಕೆಲಸ ಮಾಡುತ್ತಿದ್ದರೂ 5 ದಿನಕ್ಕೆ ಬರುತ್ತದೆ. ವಾರಕ್ಕೊಮ್ಮೆ ಗುಡ್ಡೆ ಹಾಕಿ ಸಹಿ ಮಾಡುವ ಸಾಹೇಬರು ದಿನಾ ಹದಿನೈದು ನಿಮಿಷ ಕೂತು ಸಹಿ ಮಾಡಿದರೂ ಸಾಕು, ಬಾಕಿ ಒಂದಿಷ್ಟು ಕರಗುತ್ತದೆ.

ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು ಮಾತು: ‘ಫೇಲ್ಯೂರ್ ಡಿಮಾಂಡ್’. ಬ್ರಿಟನ್ನಿನ ಆಡಳಿತ ಸಲಹೆಗಾರ ಜಾನ್ ಸೆಡನ್ ಕೊಟ್ಟ ಹೆಸರು. ಮೊದಲ ಸಲ ಸರಿಯಾಗಿ ಆಗದ್ದರಿಂದ ಹುಟ್ಟುವ ಕೆಲಸ ಅಂತ ಅರ್ಥ. ‘ನನ್ನ ಅರ್ಜಿ ಏನಾಯ್ತು?’ ಎಂಬ ಫೋನು, ಹೆಸರು ತಪ್ಪಿದೆ ಎಂದು ಮತ್ತೆ ಬಂದವರು, ಫಾರಂ ಅರ್ಥವಾಗದೆ ತಪ್ಪು ತುಂಬಿದವರು ಎಲ್ಲ ಇದೇ ಲೆಕ್ಕಕ್ಕೆ. ಕೌಂಟರಿನಲ್ಲಿ ಜನ ಜಾಸ್ತಿ ಆದರು ಅಂತ ಇನ್ನೊಂದು ಕೌಂಟರ್ ತೆರೆಯುವ ಮೊದಲು, ಅವರಲ್ಲಿ ಎಷ್ಟು ಮಂದಿ ಎರಡನೇ ಸಲ ಬಂದವರು ಅಂತ ಎಣಿಸಬೇಕು, ಅಲ್ವಾ? ಸೆಡನ್ ಅವರಿಗೆ ಕಾರ್ಖಾನೆಯ ಉಪಕರಣಗಳನ್ನು ಸೇವೆಗೆ ಹಾಗೇ ಅಂಟಿಸುವುದು ಕಂಡರೆ ಆಗದು.

ಅವರು ಹೇಳುವುದರಲ್ಲಿ ಹುರುಳಿದೆ. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ 2002ರಲ್ಲಿ ತನ್ನ ಮುಖ್ಯಸ್ಥರನ್ನು ಜಪಾನಿಗೆ ಕಳಿಸಿ, ಕಲಿತದ್ದನ್ನು ರೋಗಿಯ ದಾರಿಗೆ ಹೊಂದಿಸಿಕೊಂಡಿತು. ಬ್ರಿಟನ್ನಿನ ತೆರಿಗೆ ಇಲಾಖೆಯ ಒಂದು ಕಚೇರಿ 2007ರಲ್ಲಿ ಸುದ್ದಿಯಾದದ್ದು ಬೇರೆ ಕಾರಣಕ್ಕೆ: ಪೆನ್ನು, ಸ್ಟೇಪ್ಲರ್ ಎಲ್ಲಿಡಬೇಕು ಅಂತ ಮೇಜಿನ ಮೇಲೆ ಕಪ್ಪು ಟೇಪ್ ಅಂಟಿಸಿದ್ದಕ್ಕೆ. ಕಾರ್ಖಾನೆಯಲ್ಲಿ ಸ್ಪ್ಯಾನರ್ ಹುಡುಕುವ ಹೊತ್ತು ಉಳಿಸಲು ಹುಟ್ಟಿದ ಪದ್ಧತಿ ಅದು. ಗುಮಾಸ್ತರಿಗೆ ಸ್ಟೇಪ್ಲರ್ ಯಾವತ್ತೂ ದೊಡ್ಡ ತೊಂದರೆ ಆಗಿರಲಿಲ್ಲ.

ಲೀನ್ ಅಂದರೆ ಜನರನ್ನು ಕಡಿಮೆ ಮಾಡುವುದು ಎಂಬ ಭಯವೂ ಇದೆ. ಎಷ್ಟೋ ಕಡೆ ಹಾಗೇ ಮಾಡಿದ್ದಾರೆ ಕೂಡ. ‘ಈ ಹಂತ ಬೇಡ’ ಅಂದವರ ಕೆಲಸವೇ ಹೋದರೆ ಇನ್ನೊಮ್ಮೆ ಯಾರು ಬಾಯಿ ಬಿಡುತ್ತಾರೆ?

ಸರ್ಕಾರಿ ಕಚೇರಿಯಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿ ಗ್ರಾಹಕರು ಯಾರು? ಅರ್ಜಿ ಹಾಕಿದವರಿಗೆ ಪರಿಶೀಲನೆ ದಂಡ ಅನ್ನಿಸಬಹುದು. ಆದರೆ ಕಟ್ಟಡದ ಪರವಾನಗಿ ಕೇಳಿದವರಷ್ಟೇ ಅಲ್ಲ, ಅದರ ಪಕ್ಕದ ಮನೆಯವರೂ ಲೆಕ್ಕಕ್ಕೆ ಬರುತ್ತಾರೆ. ಹಾಗಾಗಿ ಸಹಿಗಳನ್ನು ಕಣ್ಣುಮುಚ್ಚಿ ಕತ್ತರಿಸುವ ಹಾಗಿಲ್ಲ. ಪ್ರತಿ ಸಹಿಯ ಎದುರೂ ಒಂದು ಪ್ರಶ್ನೆ ಕೇಳಬಹುದು: ಇವರು ಏನನ್ನು ನೋಡಿ ಸಹಿ ಮಾಡುತ್ತಾರೆ? ಮೊದಲನೆಯವರು ದಾಖಲೆ ನೋಡುತ್ತಾರೆ. ಎರಡನೆಯವರು ಜಾಗ ನೋಡಿ ಬರುತ್ತಾರೆ. ಮೂರನೆಯವರು ಹಿಂದಿನ ಎರಡು ಸಹಿ ಬಿದ್ದಿವೆಯೇ ಅಂತ ನೋಡುತ್ತಾರೆ. ಆ ಮೂರನೇ ಮೇಜಿನ ಮೇಲೇ ಕಡತ ಹನ್ನೊಂದು ದಿನ ಕೂತಿರುತ್ತದೆ.